ಎಣಿಕೆಗೆ ಸಿಗದ ಹದಿನಾಲ್ಕು ದಿನ

ಡೆಲ್ಬರ್ಟ್ ಹ್ಯಾಸ್ಕಿನ್ಸ್ ಯಾರನ್ನೂ ಸುಲಭವಾಗಿ ನಂಬುವ ಜಾಯಮಾನದವನಲ್ಲ. ಅವನ ಕಸುಬೇ ಅಂಥದು. ಕೋವರ್ಟನ್ ನಗರಸಭೆಯ ವಿಮಾನ ನಿಲ್ದಾಣದಲ್ಲಿ ನಲವತ್ತೆಂಟು ವರ್ಷ ಸಣ್ಣ ವಿಮಾನಗಳನ್ನು ರಿಪೇರಿ ಮಾಡಿದವನು. ಪ್ರತಿ ವಿಮಾನವೂ ವರ್ಷಕ್ಕೊಮ್ಮೆ ತಪಾಸಣೆಗೆ ಬರಬೇಕು, ಮೆಕ್ಯಾನಿಕ್ ಆ ವಿಮಾನದ ಪುಸ್ತಕದಲ್ಲಿ ಸಹಿ ಹಾಕಬೇಕು. ಅದಿಲ್ಲದೆ ಹಾರುವಂತಿಲ್ಲ. ಬೇರೆ ಊರುಗಳಲ್ಲಿ ಮಾಲೀಕರು ಕೀಲಿ ಕೊಟ್ಟು ಮನೆಗೆ ಹೋಗಿ ವಾರ ಬಿಟ್ಟು ಬರುತ್ತಾರೆ. ಡೆಲ್ ಹತ್ತಿರ ಆ ಆಟ ನಡೆಯುತ್ತಿರಲಿಲ್ಲ. ಹಲ್ಲಿನ ಡಾಕ್ಟರಾಗಲಿ, ಬ್ಯಾಂಕಿನ ಮ್ಯಾನೇಜರಾಗಲಿ, ಬೆನ್ನ ಮೇಲೆ ಮಲಗಿ ವಿಮಾನದ ಹೊಟ್ಟೆಯಡಿ ತೆವಳಬೇಕು, ಒಂದೊಂದು ತಿರುಪನ್ನೂ ತಾನೇ ಬಿಚ್ಚಬೇಕು, ಒಂದೊಂದು ತಂತಿಯ ಮೇಲೂ ಬೆರಳಾಡಿಸಿ ನೋಡಬೇಕು. “ಜೀವ ನಿಂದು, ಬೆರಳೂ ನಿಂದೇ ಇರ್ಲಿ” ಎನ್ನುತ್ತಿದ್ದ. ಬೈದುಕೊಳ್ಳುತ್ತಲೇ ತೆವಳುತ್ತಿದ್ದರು. ಅವನ ಸಹಿ ಬಿದ್ದ ಯಾವ ವಿಮಾನವೂ ಅವನ ತಪ್ಪಿನಿಂದ ಬಿದ್ದದ್ದಿಲ್ಲ, ಅದು ಊರಿಗೆಲ್ಲ ಗೊತ್ತಿತ್ತು.

ಅವನ ಅಪ್ಪ ಬಟ್ಟೆ ಒಗೆಯುವ ಯಂತ್ರದ ಕಾರ್ಖಾನೆಯಲ್ಲಿದ್ದವನು. ಆ ಕಾರ್ಖಾನೆಯೇ ನಮ್ಮ ಊರಿನ ಅನ್ನ. ಮಗನೂ ಅಲ್ಲೇ ಸೇರುತ್ತಾನೆಂದುಕೊಂಡಿದ್ದರೆ, ಹುಡುಗ ಹತ್ತೊಂಬತ್ತನೆಯ ವಯಸ್ಸಿಗೆ ನಿಲ್ದಾಣಕ್ಕೆ ಹೋಗಿ ವಿಮಾನ ತೊಳೆಯುವ ಕೆಲಸ ಹಿಡಿದ. ಅಪ್ಪ ಒಂದು ವರ್ಷ ಮಾತು ಬಿಟ್ಟಿದ್ದ. ಆಮೇಲೆ, ಎಲ್ಲಿಗೂ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದ ಕಾರ್ಖಾನೆ ಮೆಕ್ಸಿಕೋಗೆ ಎದ್ದುಹೋಯಿತು, ಅಪ್ಪ ಮನೆಯಲ್ಲಿ ಕೂತ, ಮಗನ ದುಡಿಮೆಯಲ್ಲಿ ಉಂಡ. ಆ ಬಗ್ಗೆ ಡೆಲ್ ಎಂದೂ ಆಡಿಕೊಳ್ಳಲಿಲ್ಲ. ಆದರೆ ದೊಡ್ಡವರು ಕೊಡುವ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಅಂದೇ ಕಲಿತುಬಿಟ್ಟ.

ನಿಲ್ದಾಣ ಯುದ್ಧದ ಕಾಲದಲ್ಲಿ ಪೈಲಟ್‌ಗಳ ತರಬೇತಿಗೆಂದು ಕಟ್ಟಿದ್ದು, ಆಮೇಲೆ ಊರಿಗೆ ಬಿಟ್ಟುಕೊಟ್ಟದ್ದು. ಎರಡು ರನ್‌ವೇ. ಪೂರ್ವ ಪಶ್ಚಿಮಕ್ಕೊಂದು ಉದ್ದದ್ದು, ಅದನ್ನು ಕತ್ತರಿಸುವಂತೆ ಉತ್ತರ ದಕ್ಷಿಣಕ್ಕೊಂದು ಗಿಡ್ಡದ್ದು. ವಿಮಾನ ಗಾಳಿಗೆ ಮುಖ ಕೊಟ್ಟು ಇಳಿಯಬೇಕು. ಪಡುವಣ ಗಾಳಿ ಬೀಸಿದರೆ ಉದ್ದದ್ದರಲ್ಲಿ, ಬಡಗಣ ಗಾಳಿ ಬೀಸಿದರೆ ಗಿಡ್ಡದ್ದರಲ್ಲಿ. ದೊಡ್ಡ ಜೆಟ್ಟುಗಳು ಪಕ್ಕದ ಗಾಳಿಗೆ ಸೊಪ್ಪು ಹಾಕುವುದಿಲ್ಲ. ಹಗುರ ವಿಮಾನಗಳು, ಅದರಲ್ಲೂ ಬಾಲದಡಿ ಪುಟ್ಟ ಚಕ್ರವಿರುವ ಹಳೆಯ ಕಾಲದವು, ಪಕ್ಕದಿಂದ ಗಾಳಿ ಹೊಡೆದರೆ ನೆಲ ಮುಟ್ಟಿದ ಮೇಲೂ ಗಿರ್ರನೆ ತಿರುಗಿಬಿಡುತ್ತವೆ. ಇಳಿಯಲು ಅಪ್ಪಣೆ ಕೊಡುವ ಗೋಪುರ ನಮ್ಮಲ್ಲಿಲ್ಲ. ಬರುವವರು ತಾವು ಎಲ್ಲಿದ್ದೇವೆ, ಯಾವ ಕಡೆಯಿಂದ ಇಳಿಯುತ್ತೇವೆ ಎಂದು ರೇಡಿಯೋದಲ್ಲಿ ತಾವೇ ಹೇಳಿಕೊಳ್ಳುತ್ತಾರೆ. ಡೆಲ್‌ನ ಶೆಡ್ಡಿನಲ್ಲಿ ಆ ರೇಡಿಯೋ ದಿನವಿಡೀ ಗೊರಗುಡುತ್ತಿತ್ತು.

ಅಂಥ ಹಳೆಯ ವಿಮಾನವೊಂದು ಓಜೆಲ್ ಟಿಬ್ಸ್‌ನದು. ಓಜೆಲ್ ಎರಕದ ಕಾರ್ಖಾನೆಯಲ್ಲಿ ಬೆಂಕಿಯ ಮುಂದೆ ಮೂವತ್ತು ವರ್ಷ ಬೆಂದವನು. ಕರಿಯರು ವಿಮಾನ ಹಾರಿಸುವುದೆಂದರೆ ನಮ್ಮ ಊರಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ, ಎಂಬತ್ತನಾಲ್ಕನೆಯ ಇಸವಿಯಲ್ಲಿ, ನಿಲ್ದಾಣಕ್ಕೆ ಬಂದು ಶೆಡ್ಡು ಬಾಡಿಗೆಗಿದೆಯೇ ಎಂದು ಕೇಳಿದ. ಒಬ್ಬರ ಬಳಿಯೂ ಜಾಗವಿರಲಿಲ್ಲವಂತೆ. ಡೆಲ್ ತನ್ನ ಶೆಡ್ಡಿನ ಮೂಲೆ ತೋರಿಸಿ, ಕಸ ಗುಡಿಸಿಕೊಂಡರೆ ಇಟ್ಟುಕೊಳ್ಳಬಹುದು ಎಂದ. ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ಎಲ್ಲರೂ ಬೇಡ ಎಂದದ್ದಕ್ಕೆ ಇವನು ಹೂಂ ಎಂದ, ಅಷ್ಟೇ. ಆದರೆ ಆ ಹೂಂ ಮೂವತ್ತೆಂಟು ವರ್ಷ ನಡೆಯಿತು. ಭಾನುವಾರ ಚರ್ಚ್ ಮುಗಿಸಿ ಓಜೆಲ್‌ನ ಹೆಂಡತಿ ಲವೀನಿಯಾ ಮಾಡಿದ ಪೀಚ್ ಹಣ್ಣಿನ ಕಡುಬನ್ನು ಇಬ್ಬರೂ ಶೆಡ್ಡಿನಲ್ಲಿ ನಿಂತೇ ತಿನ್ನುತ್ತಿದ್ದರು. ಡೆಲ್‌ನ ಹೆಂಡತಿ ತೀರಿಕೊಂಡ ಮೇಲೆ ಅವನ ಊಟ ವಾರಕ್ಕೆ ಮೂರು ದಿನ ಟಿಬ್ಸ್ ಮನೆಯಲ್ಲೇ. ಲವೀನಿಯಾ ಅವನಿಗೆ ಬೈಯುವ ಹಕ್ಕನ್ನೂ ಪಡೆದಿದ್ದಳು, ಚಲಾಯಿಸುತ್ತಲೂ ಇದ್ದಳು.

ಕಾರ್ಖಾನೆಗಳು ಮುಚ್ಚಿದ ಊರಿನಲ್ಲಿ ನಗರಸಭೆಗೆ ಉಳಿದಿದ್ದ ದೊಡ್ಡ ಆಸ್ತಿಯೆಂದರೆ ಆ ನಾನೂರು ಎಕರೆ. ಹಾಗಾಗಿ ನಾಲ್ಕೈದು ವರ್ಷಕ್ಕೊಮ್ಮೆ ಯಾರಾದರೊಬ್ಬರಿಗೆ ನಿಲ್ದಾಣದ ನೆನಪಾಗುತ್ತಿತ್ತು, ನಕ್ಷೆ ಬರುತ್ತಿತ್ತು, ನಕ್ಷೆ ಹೋಗುತ್ತಿತ್ತು. ಈ ಸಲ ಬಂದದ್ದು ಗಟ್ಟಿ ಯೋಜನೆ. ಉದ್ದದ ರನ್‌ವೇಯನ್ನು ಇನ್ನಷ್ಟು ಬೆಳೆಸಿ ಕಂಪನಿಗಳ ಜೆಟ್ಟುಗಳನ್ನು ಕರೆಸುವುದು, ಗಿಡ್ಡದ್ದನ್ನು ಕಿತ್ತು ಆ ಜಾಗವನ್ನು ಗೋದಾಮುಗಳಿಗೆ ಕೊಡುವುದು, ಊರಿಗೆ ಉದ್ಯೋಗ ತರುವುದು. ಗಿಡ್ಡ ರನ್‌ವೇ ಉಳಿಯಬೇಕಾದರೆ ಒಂದೇ ದಾರಿ: ಅದನ್ನು ಸಾಕಷ್ಟು ಜನ ಬಳಸುತ್ತಾರೆಂದು ತೋರಿಸಬೇಕು. ಹಾಗೆ ತೋರಿಸಿದರೆ ಅದರ ದುರಸ್ತಿಗೆ ಕೇಂದ್ರದ ನೆರವು ಬರುತ್ತದೆ, ಯಾರೂ ಮುಟ್ಟುವಂತಿಲ್ಲ. ಈ ಮಾತನ್ನು ನಗರಸಭೆಯ ಹೊಸ ಅಧಿಕಾರಿ ಕ್ರಿಸ್ಟಾ ಡಾಲ್‌ಗ್ರೆನ್ ಎಂಬ ಹೆಂಗಸು ಒಂದು ಕಾಗದದಲ್ಲಿ ಬರೆದು ಪೈಲಟ್‌ಗಳು ಕಾಫಿ ಕುಡಿಯುವ ಕೋಣೆಯ ಗೋಡೆಗೆ ಅಂಟಿಸಿದಳು. ಅಕ್ಟೋಬರಿನಲ್ಲಿ ಹದಿನಾಲ್ಕು ದಿನ ಎಣಿಕೆ ನಡೆಯುತ್ತದೆ, ಎಂದಿನಂತೆ ಹಾರಿ ಎಂದು ಅದರಲ್ಲಿತ್ತು. ನಗರಸಭೆಯ ಕಾಗದವನ್ನು ಓದುವ ರೂಢಿ ಅಲ್ಲಿ ಯಾರಿಗೂ ಇರಲಿಲ್ಲ. ಅದರ ಮೇಲೆ ಯಾರೋ ಮೀನಿನ ಸ್ಯಾಂಡ್‌ವಿಚ್ ಮಾರುವ ಚರ್ಚಿನ ಚೀಟಿ ಅಂಟಿಸಿದರು.

ಡೆಲ್ ಓದಿದ್ದ, ಪೂರ್ತಿ ಓದಿದ್ದ. ಓದಿದ್ದರಿಂದಲೇ ಕೆಟ್ಟ.

ಹಿಂದೊಮ್ಮೆ ನಗರಸಭೆ ಇದೇ ರೀತಿ ನಯವಾಗಿ, ನಿಮ್ಮ ಶೆಡ್ಡಿನಲ್ಲಿ ವರ್ಷಕ್ಕೆ ಎಷ್ಟು ವಿಮಾನ ರಿಪೇರಿಯಾಗುತ್ತದೆ, ಛಾವಣಿ ಸರಿಮಾಡಿಸಬೇಕು ಎಂದು ಕೇಳಿತ್ತು. ಅವನು ನಿಜ ಬರೆದುಕೊಟ್ಟ. ಛಾವಣಿ ಸೋರುತ್ತಲೇ ಇತ್ತು, ಬಾಡಿಗೆ ಮಾತ್ರ ಇಮ್ಮಡಿಯಾಯಿತು. ಮೇಲಾಗಿ ಹಿಂದಿನ ವರ್ಷವಷ್ಟೇ ಪಕ್ಕದ ಮಾರ್ಲೋ ಊರಿನ ನಿಲ್ದಾಣದಲ್ಲಿ ಕ್ಯಾಮೆರಾ ಇಟ್ಟು, ಇಳಿದ ಪ್ರತಿ ವಿಮಾನದ ಮಾಲೀಕನ ಮನೆಗೂ ಬಿಲ್ಲು ಕಳಿಸಿದ್ದರು. ಈಗ ಗಿಡ್ಡ ರನ್‌ವೇ ಪಕ್ಕದ ಹುಲ್ಲಿನಲ್ಲಿ ಒಂದು ಬೂದು ಪೆಟ್ಟಿಗೆ, ಮೇಲೊಂದು ಗಾಜಿನ ಕಣ್ಣು. ಡೆಲ್ ಅದರ ಸುತ್ತ ಎರಡು ಸುತ್ತು ಬಂದ, ಹಿಂದಿರುಗಿ ಎಲ್ಲರಿಗೂ ಫೋನು ಮಾಡಿದ. ಅವನ ಲೆಕ್ಕ ಸಲೀಸು: ಎಣಿಸುತ್ತಾರೆ ಎಂದರೆ ವಸೂಲಿಗೇ. ಹದಿನಾಲ್ಕು ದಿನ ಗಿಡ್ಡದ್ದರ ಕಡೆ ಯಾರೂ ತಲೆ ಹಾಕಬೇಡಿ, ಗಾಳಿ ಬಡಗಲಿಂದ ಬಂದರೆ ಮನೆಯಲ್ಲಿರಿ ಇಲ್ಲವೇ ಬೇರೆ ಊರಲ್ಲಿಳಿಯಿರಿ ಎಂದ. ಓಜೆಲ್ ನಕ್ಕು, ಈ ವಯಸ್ಸಿಗೆ ಕಣ್ಣಾಮುಚ್ಚಾಲೆ ಆಡಿಸುತ್ತೀಯಲ್ಲ ಎಂದ. ಆದರೂ ಆಡಿದ. ಎಲ್ಲರೂ ಆಡಿದರು. ಡೆಲ್ ಹೇಳಿದ ಮೇಲೆ ಮುಗಿಯಿತು.

ಸಾಮಾನ್ಯವಾಗಿ ಎರಡು ವಾರದಲ್ಲಿ ಮುನ್ನೂರು ಸಲವಾದರೂ ವಿಮಾನ ಇಳಿಯುವ ಗಿಡ್ಡ ರನ್‌ವೇಯಲ್ಲಿ ಪೆಟ್ಟಿಗೆಗೆ ಸಿಕ್ಕಿದ್ದು ಹತ್ತೊಂಬತ್ತು.

ಇಲ್ಲಿಗೇ ಮುಗಿದಿದ್ದರೆ ಇದು ಊರಿಗೆಲ್ಲ ಸೇರಿದ ದಡ್ಡತನವೆಂದು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ನವೆಂಬರಿನ ಒಂದು ಮಧ್ಯಾಹ್ನ ಕ್ರಿಸ್ಟಾ ಡಾಲ್‌ಗ್ರೆನ್ ತಾನಾಗಿ ಶೆಡ್ಡಿಗೆ ಬಂದಳು. ಡೆಲ್ ಒಬ್ಬನೇ ಇದ್ದ. ಎಣ್ಣೆ ಮೆತ್ತಿದ ಸ್ಟೂಲನ್ನು ಆಕೆ ಒರೆಸದೆ ಅದರ ಮೇಲೆ ಕೂತಳು. ಒಳ್ಳೆಯ ಹೆಂಗಸು ಎಂದು ಈಗ ಹೇಳಬಹುದು, ಆಗ ಅವನಿಗೆ ಹಾಗೆ ಕಾಣಲಿಲ್ಲ.

“ಮಿಸ್ಟರ್ ಹ್ಯಾಸ್ಕಿನ್ಸ್, ಈ ಸಂಖ್ಯೆ ನನಗ್ಯಾಕೋ ಕಮ್ಮಿ ಅನ್ಸುತ್ತೆ” ಎಂದಳು. “ಒಂದು ಶನಿವಾರ ನಾನೇ ಬಂದು ನಿಂತಾಗ ಇದರ ಎರಡರಷ್ಟು ನೋಡಿದೀನಿ. ಆ ಎರಡು ವಾರ ಮಾಮೂಲಿನ ಹಾಗಿರಲಿಲ್ಲ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು, ವಸಂತದಲ್ಲಿ ಇನ್ನೊಂದ್ಸಲ ಎಣಿಸೋಕೆ ಹೇಳ್ತೀನಿ.”

ಡೆಲ್ ಕೈಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ. ಇನ್ನೊಂದು ಸಲ ಎಣಿಸಿದರೆ ಇನ್ನಷ್ಟು ಬಿಲ್ಲು ಎಂದೇ ಅವನ ತಲೆಯಲ್ಲಿ ಓಡಿತು. ಬಾಯಿ ಬಿಡಿಸಲು ಬಂದಿದ್ದಾಳೆ, ನಾನು ಅಷ್ಟು ಪೆದ್ದನಲ್ಲ ಎಂದುಕೊಂಡ. ಒಳಗೊಳಗೇ ಹೆಮ್ಮೆಯೂ ಆಯಿತು.

“ಮಾಮೂಲಿನ ಹಾಗೇ ಇತ್ತಲ್ಲ” ಎಂದ. “ಎಣಿಕೆ ಸರಿಯಾಗೇ ಇದೆ.”

“ಖಂಡಿತಾನಾ?”

“ನಲವತ್ತು ವರ್ಷದಿಂದ ಇಲ್ಲೇ ಇದೀನಮ್ಮ. ನಂಗೆ ಗೊತ್ತಿಲ್ವಾ?”

ಆಕೆ ಅದನ್ನು ಬರೆದುಕೊಂಡಳು, ಥ್ಯಾಂಕ್ಸ್ ಹೇಳಿ ಹೋದಳು. ತಪಾಸಣೆಗೆ ಬಂದ ಯಾವ ವಿಮಾನವನ್ನೂ ಎರಡು ಸಲ ನೋಡದೆ ಸಹಿ ಹಾಕದವನು, ಇನ್ನೊಂದು ಸಲ ನೋಡೋಣವೇ ಎಂದು ತಾನಾಗಿ ಬಂದು ಕೇಳಿದವಳನ್ನು ಹೀಗೆ ವಾಪಸು ಕಳಿಸಿದ.

ಎಣಿಕೆಯ ವರದಿ ಬಂದದ್ದು ಮಾರ್ಚಿನಲ್ಲಿ. ಇಟ್ಟಿಗೆಯಷ್ಟು ದಪ್ಪ. ಡೆಲ್ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಓದಿದ. ಇಳಿದದ್ದಕ್ಕೆ ಬಿಲ್ಲು ಹಾಕುವ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಎಂಬತ್ತನಾಲ್ಕನೆಯ ಪುಟದಲ್ಲಿ ಗಿಡ್ಡ ರನ್‌ವೇಯ ಬಳಕೆ ತೀರಾ ಕಡಿಮೆ, ನೆರವಿಗೆ ಅರ್ಹವಲ್ಲ, ಎಣಿಕೆ ನಡೆದ ದಿನಗಳು ಸಾಮಾನ್ಯವಾಗಿದ್ದವೆಂಬುದನ್ನು ಸ್ಥಳೀಯವಾಗಿ ಖಚಿತಪಡಿಸಿಕೊಳ್ಳಲಾಗಿದೆ ಎಂದಿತ್ತು. ಆ ಸಾಲನ್ನು ಮತ್ತೆ ಮತ್ತೆ ಓದಿದ. ಮಾರನೆಯ ದಿನ ಕ್ರಿಸ್ಟಾಳ ಕಚೇರಿಗೆ ಫೋನು ಮಾಡಿದರೆ, ಆಕೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕು ಹೋಗಿ ತಿಂಗಳಾಗಿತ್ತು.

ನಗರಸಭೆಯ ಏಪ್ರಿಲಿನ ಸಭೆಗೆ ಪೈಲಟ್‌ಗಳೆಲ್ಲ ನುಗ್ಗಿದರು. ಸಂಖ್ಯೆ ಸುಳ್ಳು ಎಂದು ಕೂಗಾಡಿದರು. ಓಜೆಲ್ ಎದ್ದು ನಿಂತು, ನಾವು ಆ ಎರಡು ವಾರ ಬೇಕೆಂದೇ ಅಡಗಿದ್ದೆವು, ತಪ್ಪು ನಮ್ಮದೇ, ಇನ್ನೊಂದು ಸಲ ಎಣಿಸಿ ಎಂದು ಮರ್ಯಾದೆಯಾಗಿ ಕೇಳಿದ. ನಗರಸಭೆಗೆ ವರದಿ ಬರೆದುಕೊಟ್ಟ ಕಂಪನಿಯವನು ತಾಳ್ಮೆಯಿಂದ ಉತ್ತರಿಸಿದ: ಆ ಅನುಮಾನ ನಮಗೂ ಬಂದಿತ್ತು, ನಗರಸಭೆಯ ಕಡೆಯಿಂದ ನಿಲ್ದಾಣವನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಕೇಳಿಸಿದೆವು, ಎಲ್ಲವೂ ಮಾಮೂಲಿನಂತೆಯೇ ಇತ್ತು ಎಂದರು. ಯಾರದು ಎಂದು ಓಜೆಲ್ ಕೇಳಿದ. ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದ ಅವನು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡೆಲ್ ಕಡೆ ಯಾರೂ ನೋಡಲಿಲ್ಲ. ಎದ್ದು ನಿಂತು ನಾನೇ ಎನ್ನಲು ಅವನಿಗೆ ಅರ್ಧ ನಿಮಿಷ ಸಿಕ್ಕಿತ್ತು. ಆ ಅರ್ಧ ನಿಮಿಷ ಅವನು ಮುಂದಿನ ಕುರ್ಚಿಯ ಬೆನ್ನನ್ನು ನೋಡುತ್ತ ಕೂತ. ಐದಕ್ಕೆ ಎರಡು ಮತದಿಂದ ಯೋಜನೆ ಪಾಸಾಯಿತು.

ವಾಪಸು ಬರುವಾಗ ಡೆಲ್ ಗಾಡಿ ಓಡಿಸುತ್ತಿದ್ದ, ಓಜೆಲ್ ಕುದಿಯುತ್ತಿದ್ದ. ನಿಲ್ದಾಣದಲ್ಲಿ ವಿಮಾನಗಳಿಗೆ ಪೆಟ್ರೋಲು ಮಾರುವ ಥ್ಯಾಡ್ ಬ್ರೂಮಲ್ ಆ ಸಭೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಜೆಟ್ಟುಗಳು ಬಂದರೆ ಅವನ ವ್ಯಾಪಾರ ಏರುತ್ತದೆ.

“ಥ್ಯಾಡ್‌ನೇ ಕಣೋ” ಎಂದ ಓಜೆಲ್. “ನಮ್ಮ ಜೊತೆ ಕೂತು ಕಾಫಿ ಕುಡ್ದು ನಮ್ಮನ್ನೇ ಮಾರಿಬಿಟ್ಟ. ನೀನೇನಂತೀಯ?”

ಡೆಲ್ ಏನೂ ಅನ್ನಲಿಲ್ಲ. ಓಜೆಲ್ ಅದನ್ನು ಹೌದೆಂದೇ ತೆಗೆದುಕೊಂಡ. ಅಂದಿನಿಂದ ಥ್ಯಾಡ್ ಜೊತೆ ಅವನ ಮಾತು ನಿಂತಿತು, ಅವನಿಂದ ಬೇರೆಯವರದೂ ನಿಂತಿತು. ಥ್ಯಾಡ್ ಮೊದಮೊದಲು ಏಕೆಂದು ಕೇಳುತ್ತಿದ್ದ, ನಾನಲ್ಲ ಎಂದು ಆಣೆ ಮಾಡುತ್ತಿದ್ದ, ಬರುಬರುತ್ತ ಕಾಫಿ ಕೋಣೆಗೆ ಬರುವುದನ್ನೇ ಬಿಟ್ಟ. ಡೆಲ್ ಎಲ್ಲವನ್ನೂ ಕಣ್ಣಾರೆ ನೋಡಿದ. ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆದ.

ಗಿಡ್ಡ ರನ್‌ವೇಯನ್ನು ಕಿತ್ತು ಲಾರಿಗಳಲ್ಲಿ ಹೊತ್ತೊಯ್ದರು. ಗೋದಾಮು ನಿಜವಾಗಿಯೂ ಬಂತು, ಅದರಲ್ಲಿ ಸುಳ್ಳಿಲ್ಲ. ನೂರೆಂಬತ್ತು ಜನಕ್ಕೆ ಕೆಲಸ ಸಿಕ್ಕಿತು. ಲವೀನಿಯಾಳ ಅಳಿಯನಿಗೇ ಅಲ್ಲಿ ಪಾಳಿ ಮೇಲ್ವಿಚಾರಕನ ಕೆಲಸ. ವಾರಕ್ಕೆರಡು ಜೆಟ್ಟು ಇಳಿದು ಹೋಗುತ್ತಿದ್ದವು. ಊರು ಸ್ವಲ್ಪ ಉಸಿರಾಡಿತು ಎಂಬುದನ್ನು ನಾನೂ ಒಪ್ಪುತ್ತೇನೆ. ಡೆಲ್‌ಗೆ ದಕ್ಷಿಣದ ಅಂಚಿನಲ್ಲಿ ಹೊಸ ತಗಡಿನ ಶೆಡ್ಡು ಕೊಟ್ಟರು, ಅದು ಸೋರುತ್ತಿರಲಿಲ್ಲ.

ಎರಡನೆಯ ವಸಂತದಲ್ಲಿ, ಒಂದು ಗುರುವಾರ, ಬೆಳಗ್ಗೆ ತಣ್ಣಗಿದ್ದ ಗಾಳಿ ಹನ್ನೊಂದರ ಹೊತ್ತಿಗೆ ಬಡಗಲಿಂದ ಎದ್ದಿತು. ಶೆಡ್ಡಿನ ತಗಡು ಬಡಿಯತೊಡಗಿತು. ರೇಡಿಯೋದಲ್ಲಿ ಓಜೆಲ್‌ನ ದನಿ ಬಂತು, ಊರಿಗೆ ಮೂರು ಮೈಲಿ ಇದ್ದೇನೆ, ಇಳಿಯಲು ಬರುತ್ತಿದ್ದೇನೆ ಎಂದು. ಡೆಲ್ ಓಡಿಹೋಗಿ ಮೈಕು ಹಿಡಿದು, ಗಾಳಿ ನೇರ ಅಡ್ಡಕ್ಕೆ ಹೊಡೆಯುತ್ತಿದೆ, ಮಾರ್ಲೋಗೆ ಹೋಗು ಎಂದ. ಮಾರ್ಲೋದಲ್ಲಿ ಬಡಗಣ ಗಾಳಿಗೆ ಒಪ್ಪುವ ರನ್‌ವೇ ಇತ್ತು.

“ಮೂವತ್ತು ಮೈಲಿ ಕಣೋ ಅದು, ಪೆಟ್ರೋಲು ತಳದಲ್ಲಿದೆ” ಎಂದ ಓಜೆಲ್. ಥ್ಯಾಡ್‌ನ ಪಂಪಿನಲ್ಲಿ ತುಂಬಿಸಿಕೊಳ್ಳುವುದಿಲ್ಲವೆಂಬ ಹಟಕ್ಕೆ ಅವನು ಎರಡು ವರ್ಷದಿಂದ ಬೇರೆ ಊರುಗಳಲ್ಲೇ ತುಂಬಿಸಿಕೊಂಡು ಬರುತ್ತಿದ್ದ. ಅಂದು ತುಂಬಿಸಲು ಹೋದ ಕಡೆ ಪಂಪು ಕೆಟ್ಟಿತ್ತು. “ಒಂದ್ಸಲ ನೋಡ್ತೀನಿ, ಆಗ್ಲಿಲ್ಲಾಂದ್ರೆ ಮೇಲೇಳ್ತೀನಿ.”

ಮೊದಲ ಸಲ ಆಗಲಿಲ್ಲ, ಮೇಲೆದ್ದ. ಎರಡನೆಯ ಸಲ ಚಕ್ರ ನೆಲ ಮುಟ್ಟಿತು. ಗೋದಾಮಿನ ಮೂಲೆ ದಾಟುತ್ತಲೇ ಗಾಳಿ ಬಾಲ ಹಿಡಿದು ತಿರುಗಿಸಿತು, ರೆಕ್ಕೆ ನೆಲಕ್ಕೆ ತಾಗಿತು, ವಿಮಾನ ಮಗುಚಿಕೊಂಡು ಚರಂಡಿಗೆ ಬಿತ್ತು. ಡೆಲ್ ಓಡಿ ತಲುಪುವಷ್ಟರಲ್ಲಿ ಥ್ಯಾಡ್ ಅಲ್ಲಿದ್ದ. ಬೆಲ್ಟು ಕತ್ತರಿಸಿ, ಓಜೆಲ್‌ನನ್ನು ಎಳೆದು ಹುಲ್ಲಿನ ಮೇಲೆ ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಆಂಬುಲೆನ್ಸ್ ಬರುವ ಮೊದಲೇ ಎಲ್ಲ ಮುಗಿಯಿತು.

ವಿಮಾನ ಬಿದ್ದಾಗ ತನಿಖೆಯವರು ಮೊದಲು ಬರುವುದು ಮೆಕ್ಯಾನಿಕ್ ಮನೆಗೆ. ಪುಸ್ತಕ ತೆಗೆದುಕೊಂಡು ಹೋದರು, ಪ್ರತಿ ಸಹಿಯನ್ನೂ ನೋಡಿದರು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಊರವರು ಡೆಲ್‌ನ ಬೆನ್ನು ತಟ್ಟಿ, ನಿನ್ನ ಕೆಲಸದಲ್ಲಿ ತಪ್ಪಿಲ್ಲ ಬಿಡು ಎಂದರು. ಅವನು ಆ ವರ್ಷ ತೂಕದಲ್ಲಿ ಹದಿನೆಂಟು ಪೌಂಡು ಇಳಿದ.

ತನಿಖೆಯ ಅಂತಿಮ ಕಾಗದ ಲವೀನಿಯಾಗೆ ಬಂದದ್ದು ಮಾರನೆಯ ವರ್ಷ. ಓದಿ ಹೇಳು ಎಂದು ಡೆಲ್‌ನನ್ನು ಕರೆದಳು. ಮೇಜಿನ ಮೇಲೆ ಅವನಿಗೆಂದು ತಟ್ಟೆ ಇಟ್ಟಿದ್ದಳು, ಹುರಿದ ಕೋಳಿ, ಹಸಿರು ಬೀನ್ಸು. ಅವನು ಮುಟ್ಟಲಿಲ್ಲ. ಬಿರುಸಾದ ಅಡ್ಡಗಾಳಿಯಲ್ಲಿ ಪೈಲಟ್ ವಿಮಾನದ ದಿಕ್ಕನ್ನು ಹತೋಟಿಯಲ್ಲಿಡದೆ ಹೋದದ್ದೇ ಕಾರಣ ಎಂದು ಓದಿದ.

“ಹಾಗಂದ್ರೆ ಅವನದೇ ತಪ್ಪು ಅಂತಾನಾ?” ಎಂದಳು ಲವೀನಿಯಾ.

ಹೌದು ಎಂದರೂ ಆಗುತ್ತಿತ್ತು, ಹಾಗಲ್ಲ ಎಂದು ಏನಾದರೂ ಸಮಾಧಾನ ಹೇಳಿದರೂ ಆಗುತ್ತಿತ್ತು. ನಿಜ ಬಲ್ಲವರು ಅವನನ್ನು ಬಿಟ್ಟರೆ ಈ ಊರಿನಲ್ಲಿ ಯಾರೂ ಇರಲಿಲ್ಲ, ಕೇಳಿ ಬರೆದುಕೊಂಡಿದ್ದ ಕ್ರಿಸ್ಟಾ ಎಲ್ಲಿದ್ದಾಳೋ. ಡೆಲ್ ಕಾಗದ ಮಡಿಸಿಟ್ಟು ಎಲ್ಲವನ್ನೂ ಹೇಳಿದ. ಆ ಹೆಂಗಸು ಸ್ಟೂಲಿನ ಮೇಲೆ ಕೂತದ್ದು, ಇನ್ನೊಂದು ಸಲ ಎಣಿಸಲೇ ಎಂದು ಕೇಳಿದ್ದು, ತಾನು ಬೇಡವೆಂಬಂತೆ ಮಾಡಿದ್ದು, ಗಾಡಿಯಲ್ಲಿ ಬಾಯಿ ಮುಚ್ಚಿಕೊಂಡದ್ದು. ಕೊನೆಗೆ ಅಳು ಬಂತು. ಅಳಲು ತನಗೇನು ಹಕ್ಕಿದೆ ಎಂದು ನಾಚಿಕೆಯೂ ಆಯಿತು.

ಲವೀನಿಯಾ ಅವನು ಮುಟ್ಟದ ತಟ್ಟೆಯನ್ನು ಮೇಜಿನಿಂದ ತೆಗೆದಿಟ್ಟಳು.

“ಮಣ್ಣು ಮಾಡೋ ದಿನ ಥ್ಯಾಡ್ ಬಂದು ಕೈ ಚಾಚಿದ” ಎಂದಳು. “ನಾನು ಮುಖ ತಿರುಗಿಸ್ದೆ. ನನ್ನ ಗಂಡನ ತಲೆ ತೊಡೆ ಮೇಲಿಟ್ಕೊಂಡವನಿಗೆ. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ, ಡೆಲ್.”

“ನಿಂತಿದ್ದೆ.”

“ಮಂಗಳವಾರ ನಗರಸಭೆ ಇದೆ. ಎಲ್ಲರ ಮುಂದೆ ಹೇಳು. ಥ್ಯಾಡ್‌ನ ನಾನು ಕರ್ಕೊಂಡು ಬರ್ತೀನಿ.”

ಸಭೆಯ ಕೊನೆಗೆ ಊರಿನವರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಡೆಲ್ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಹೋದ. ಹೆಸರು, ವಿಳಾಸ ಹೇಳಿದ. ಆಮೇಲೆ ಎಂಬತ್ತನಾಲ್ಕನೆಯ ಪುಟದಲ್ಲಿ ಬರೆದಿರುವ ಸ್ಥಳೀಯ ಮನುಷ್ಯ ನಾನೇ, ಹೇಳಿದ್ದು ಸುಳ್ಳು, ಥ್ಯಾಡ್ ಬ್ರೂಮಲ್ ಮೇಲೆ ಬಿದ್ದ ಮಾತೆಲ್ಲ ನನ್ನದು, ಗೊತ್ತಿದ್ದೂ ಸುಮ್ಮನಿದ್ದೆ, ಓಜೆಲ್ ಟಿಬ್ಸ್ ಇಳಿಯಬೇಕಾಗಿದ್ದ ರನ್‌ವೇ ನನ್ನ ಬಾಯಿಂದ ಹೋಯಿತು ಎಂದ. ಇಷ್ಟಕ್ಕೆ ಒಂದೂವರೆ ನಿಮಿಷ ಸಾಕಾಯಿತು. ಅಧ್ಯಕ್ಷರು, ಅವರೂ ಹೊಸಬರು, ನಿಮ್ಮ ಅನಿಸಿಕೆಗೆ ವಂದನೆಗಳು ಎಂದು ಹೇಳಿ ಮುಂದಿನವರನ್ನು ಕರೆದರು. ಮುಂದಿನವರು ಹಿಮ ತೆಗೆಯುವ ಲಾರಿ ತಮ್ಮ ಬೀದಿಗೆ ಬರುತ್ತಿಲ್ಲವೆಂದು ದೂರಿದರು.

ಹೊರಗೆ ಮೆಟ್ಟಿಲ ಮೇಲೆ ಥ್ಯಾಡ್ ನಿಂತಿದ್ದ. ಲವೀನಿಯಾ ಅವನ ಎರಡೂ ಕೈ ಹಿಡಿದುಕೊಂಡಿದ್ದಳು, ಏನೋ ಹೇಳುತ್ತಿದ್ದಳು, ಅವನು ತಲೆ ಅಲ್ಲಾಡಿಸುತ್ತ ಬಿಡಿ ಬಿಡಿ ಎನ್ನುತ್ತಿದ್ದ. ಡೆಲ್ ಎರಡು ಮೆಟ್ಟಿಲು ಕೆಳಗೆ ಕಾದ. ಥ್ಯಾಡ್ ಅವನತ್ತ ನೋಡದೆ ಗಾಡಿ ಹತ್ತಿ ಹೋದ. ಲವೀನಿಯಾ ಇಳಿದು ಬಂದಳು.

“ಇವತ್ತಾದ್ರೂ ಹೇಳ್ದೆ” ಎಂದಳು. “ಅದಕ್ಕೆ ನಿನ್ನ ಮೇಲೆ ನಂಗೆ ಕೋಪ ಇಲ್ಲ. ನಿನಗೋಸ್ಕರ ಪ್ರಾರ್ಥನೆಯೂ ಮಾಡ್ತೀನಿ. ಆದ್ರೆ ಇನ್ನು ಮನೆ ಕಡೆ ಊಟಕ್ಕೆ ಬರಬೇಡ, ಡೆಲ್.”